ಮನೆಮಾತು ಮತ್ತು ದಾಖಲಾತಿ ಪುಸ್ತಕ: ಕೋಲಾರ ಸೀಮೆಯ ಶಾಲಾಭಾಷಾ ವಿವಾದಗಳಲ್ಲಿ ಪೋಷಕರು

ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವನ್ನು ಚರಿತ್ರೆಯ ಆಕರವೆಂದು ನಮ್ಮ ಸಂಶೋಧಕರು ಪರಿಗಣಿಸಿರುವುದು ಕಡಿಮೆ. ಶಾಸನ, ಕೈಫಿಯತ್ತು, ಕಡತಗಳಿಗೆ ಸಂದ ಗೌರವ ಅದಕ್ಕೆ ಸಂದಿಲ್ಲ. ಆದರೆ ಕೋಲಾರದಂತಹ ಗಡಿಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆ ಆ ಪುಸ್ತಕದ ಎರಡು ಅಂಕಣಗಳು ಬೇಗ ಕಣ್ಣಿಗೆ ಬೀಳುತ್ತವೆ. ಒಂದು ಜಾತಿ, ಮತ್ತೊಂದು ಮಾತೃಭಾಷೆ. ಮೊದಲನೆಯದನ್ನು ಬರೆಯಿಸುವಾಗ ಪೋಷಕರು ತಡವರಿಸುವುದಿಲ್ಲ. ಎರಡನೆಯದರ ಬಳಿ ಬಂದಾಗ ಒಂದು ಕ್ಷಣ ನಿಲ್ಲುತ್ತಾರೆ. ಮನೆಯಲ್ಲಿ ಅಜ್ಜಿ ಆಡುವ ಮಾತೊಂದು, ಬೀದಿಯಲ್ಲಿ ಆಡುವ ಮಾತೊಂದು, ಮಗು ಕಲಿಯಬೇಕೆಂದು ಬಯಸುವ ಮಾತು ಇನ್ನೊಂದು ಆಗಿರುವಾಗ ಯಾವುದನ್ನು ಹೇಳಬೇಕು? ಎಷ್ಟೋ ಬಾರಿ ಮುಖ್ಯೋಪಾಧ್ಯಾಯರೇ ಆ ಅಂಕಣವನ್ನು ತುಂಬಿ ಮುಂದೆ ಸಾಗುತ್ತಾರೆ.

ಈ ಒಂದು ಕ್ಷಣದ ತಡವರಿಕೆಯ ಹಿಂದೆ ನಾಲ್ಕು ದಶಕಗಳ ಚಳವಳಿ, ಸರ್ಕಾರಿ ಆದೇಶ ಹಾಗೂ ನ್ಯಾಯಾಲಯದ ತೀರ್ಪುಗಳ ಚರಿತ್ರೆಯಿದೆ. ಶಾಲೆಯಲ್ಲಿ ಯಾರ ಭಾಷೆ, ಯಾರ ಸಮುದಾಯದ ಕಥೆ ಪಾಠವಾಗಬೇಕು ಎಂಬ ಪ್ರಶ್ನೆಯ ಮೇಲೆ ಪೋಷಕರು ಸಂಘಟಿತರಾಗಿ ಹೋರಾಡಿದ ಪ್ರಸಂಗಗಳು ಜಗತ್ತಿನ ಅನೇಕ ದೇಶಗಳಲ್ಲಿವೆ. ಅಲ್ಲಿ ಜನಾಂಗ ಮತ್ತು ವರ್ಣ ಈ ವಿವಾದದ ಕೇಂದ್ರ. ನಮ್ಮಲ್ಲಿ ಆ ಸ್ಥಾನದಲ್ಲಿ ಭಾಷೆ ಮತ್ತು ಜಾತಿಗಳು ನಿಂತಿವೆ. ನಮ್ಮ ಗ್ರಂಥಗಳಲ್ಲಿ ದಾಖಲಾಗಿರುವುದು ಅರ್ಜಿ ಹಾಕಿದ, ಮೊಕದ್ದಮೆ ಹೂಡಿದ, ಮೆರವಣಿಗೆ ಹೊರಟ ಪೋಷಕರು ಮಾತ್ರ. ಕೋಲಾರ ತಾಲ್ಲೂಕಿನ ನರಸಾಪುರ ಹೋಬಳಿಯ ಪೋಷಕರು ಇವಾವುದನ್ನೂ ಮಾಡಿದವರಲ್ಲ. ಆದರೂ ಅವರು ಸುಮ್ಮನಿರಲಿಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನರಸಾಪುರವು ಬೆಂಗಳೂರು–ಕೋಲಾರ ಹೆದ್ದಾರಿಗೆ ಹೊಂದಿಕೊಂಡ ಹೋಬಳಿ ಕೇಂದ್ರ. ಕೆರೆ, ರಾಗಿ ಹೊಲ, ರೇಷ್ಮೆಗಳ ಊರಾಗಿದ್ದುದು ಈಗ ಕೈಗಾರಿಕಾ ಪ್ರದೇಶವೆಂದು ಪ್ರಸಿದ್ಧವಾಗಿದೆ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಇಲ್ಲಿ ಉತ್ಪಾದನೆ ಆರಂಭಿಸಿತು. ಅನಂತರ ತೈವಾನಿನ ವಿಸ್ಟ್ರಾನ್ ಕಂಪನಿಯ ಮೊಬೈಲ್ ತಯಾರಿಕಾ ಘಟಕ ಬಂದಿತು. 2020ರ ಡಿಸೆಂಬರಿನಲ್ಲಿ ವೇತನದ ಪ್ರಶ್ನೆಯಿಂದ ಅಲ್ಲಿ ನಡೆದ ಗಲಭೆಯಿಂದ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. 2023ರಲ್ಲಿ ಆ ಘಟಕ ಟಾಟಾ ಸಂಸ್ಥೆಯ ಕೈಗೆ ಬಂದಿತು. ಈ ಕಾರ್ಖಾನೆಗಳನ್ನು ಇಲ್ಲಿ ಹೆಸರಿಸುವುದಕ್ಕೆ ಕಾರಣವಿದೆ. ಮಗುವಿಗೆ ಯಾವ ಭಾಷೆಯಲ್ಲಿ ವಿದ್ಯೆ ಬೇಕು ಎಂಬ ಪೋಷಕರ ತೀರ್ಮಾನವನ್ನು ಅವುಗಳ ಗೇಟಿನ ಮುಂದೆ ಕೆಲಸ ಕೇಳಿ ನಿಂತ ಅನುಭವವೂ ರೂಪಿಸಿದೆ.

ಇನ್ನು ಈ ಸೀಮೆಯ ಭಾಷಾ ಚರಿತ್ರೆ. ಮೈಸೂರು ಸಂಸ್ಥಾನದ ಜಿಲ್ಲೆಗಳಲ್ಲಿ ಕೋಲಾರವು ತೆಲುಗು ಬಲವಾಗಿದ್ದ ಜಿಲ್ಲೆಯೆಂಬುದು ಬಿ.ಎಲ್. ರೈಸ್ ಅವರ ಗೆಜೆಟಿಯರಿನ ಕಾಲದಿಂದಲೂ ತಿಳಿದ ಸಂಗತಿ. ಪೂರ್ವದ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ಹೋದಂತೆ ತೆಲುಗು ದಟ್ಟವಾಗುತ್ತದೆ. ಮಾಲೂರಿನ ಕಡೆಗೆ ತಮಿಳಿನ ಸುಳಿವು ಕಾಣುತ್ತದೆ. ಚಿನ್ನದ ಗಣಿಗಳಲ್ಲಿ ದುಡಿಯಲು ಬಂದ ತಮಿಳು ಕಾರ್ಮಿಕರು ಕೆ.ಜಿ.ಎಫ್.ನಲ್ಲಿ ಪ್ರತ್ಯೇಕ ಭಾಷಾಪ್ರದೇಶವನ್ನೇ ಕಟ್ಟಿದರು. ಅವರಲ್ಲಿ ಬಹುಪಾಲು ದಲಿತರೆಂಬುದನ್ನು ಮರೆಯುವಂತಿಲ್ಲ. ಪಟ್ಟಣಗಳ ಪೇಟೆಗಳಲ್ಲಿ ಉರ್ದು ಇದೆ. ಇವೆಲ್ಲದರ ನಡುವೆ ಕನ್ನಡವು ಆಡಳಿತ, ಶಾಲೆ ಹಾಗೂ ಪರಸ್ಪರ ವ್ಯವಹಾರದ ಭಾಷೆಯಾಗಿ ಉಳಿದಿದೆ, ಬೆಳೆದಿದೆ.

ಕೋಲಾರದ ಜನಪದರು ಭಾಷೆಯನ್ನು ಜನಗಣತಿಯ ಅಂಕಣಗಳಂತೆ ಬಳಸುವುದಿಲ್ಲ. ಒಂದೇ ಮದುವೆಯ ಮನೆಯಲ್ಲಿ ಒಂದು ಶಾಸ್ತ್ರಕ್ಕೆ ಕನ್ನಡದ ಸೋಬಾನೆ, ಇನ್ನೊಂದಕ್ಕೆ ತೆಲುಗಿನ ಪದ ಬರುತ್ತದೆ. ಭಜನೆಯ ಮನೆಯಲ್ಲಿ ಕೈವಾರದ ನಾರೇಯಣ ಯತೀಂದ್ರರ ತೆಲುಗು ತತ್ತ್ವಪದಗಳ ಜೊತೆಗೆ ಕನ್ನಡದ ತತ್ತ್ವಪದಗಳೂ ಸೇರುತ್ತವೆ. ಯತೀಂದ್ರರೇ ಎರಡೂ ಭಾಷೆಗಳಲ್ಲಿ ಹಾಡಿದವರು. (ಕೈವಾರವು 2007ರಲ್ಲಿ ಜಿಲ್ಲೆ ವಿಭಜನೆಯಾದ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು, ಆದರೆ ಭಜನೆಯ ಮನೆಗಳಿಗೆ ಆ ಗಡಿ ಇನ್ನೂ ತಿಳಿದಿಲ್ಲ.) ಹಾಡುವ ಹೆಂಗಸರನ್ನು ಇದು ಯಾವ ಭಾಷೆಯ ಹಾಡೆಂದು ಕೇಳಿದರೆ, ಇದು ಹಸೆಗೆ ಕರೆಯುವ ಹಾಡು, ಇದು ತೊಟ್ಟಿಲ ಹಾಡು ಎಂದು ಸಂದರ್ಭದ ಹೆಸರು ಹೇಳುತ್ತಾರೆಯೇ ವಿನಾ ಭಾಷೆಯ ಹೆಸರನ್ನಲ್ಲ. ಸಂಗ್ರಾಹಕನಾಗಿ ಆರಂಭದ ವರ್ಷಗಳಲ್ಲಿ ನಾನೂ ಕನ್ನಡದ ಹಾಡುಗಳನ್ನಷ್ಟೇ ಬರೆದುಕೊಂಡು ತೆಲುಗಿನವನ್ನು ಬಿಟ್ಟಿದ್ದೇನೆ. ಶಾಲೆಯ ದಾಖಲಾತಿ ಪುಸ್ತಕ ಮಾಡುವ ಕೆಲಸವನ್ನೇ ಆಗ ನಾನೂ ಮಾಡುತ್ತಿದ್ದೆ.

ಈ ಸೀಮೆಯ ದೊಡ್ಡ ಉದಾಹರಣೆ ಮಾಸ್ತಿಯವರದು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿ ಎನಿಸಿಕೊಂಡರು, 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಈ ಸಂಗತಿಯನ್ನು ಕನ್ನಡದ ಉದಾರತೆಗೆ ಸಾಕ್ಷಿಯೆಂದು ಸಭೆಗಳಲ್ಲಿ ಹೇಳುವುದುಂಟು. ಅದು ಮನೆಯ ಮಾತು ಬೇರೆಯಾಗಿದ್ದರೂ ಶಾಲೆಯ ಮಾತನ್ನು ಸ್ವಂತದ್ದಾಗಿ ಮಾಡಿಕೊಳ್ಳುವ ಅನುಕೂಲ ಯಾರಿಗಿತ್ತು ಎಂಬುದಕ್ಕೂ ಸಾಕ್ಷಿ. ಅದೇ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗಾಡುತ್ತಿದ್ದ ದಲಿತ ಮಕ್ಕಳಿಗೆ ಆ ಕಾಲದಲ್ಲಿ ಶಾಲೆಯ ಮಾತಿಗಿಂತ ಮೊದಲು ಶಾಲೆಯ ಬಾಗಿಲೇ ಪ್ರಶ್ನೆಯಾಗಿತ್ತು.

ರಾಜ್ಯಗಳ ಪುನರ್ವಿಂಗಡಣೆಯ ಸಂದರ್ಭದಲ್ಲಿ, 1956ರಲ್ಲಿ, ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ಆಶಯ. ಮಾತೃಭಾಷೆ ಎಂದರೇನು, ಅದನ್ನು ಯಾರು ನಿರ್ಧರಿಸಬೇಕು ಎಂಬುದನ್ನು ವಿಧಿ ಹೇಳಲಿಲ್ಲ. ಮುಂದಿನ ವಿವಾದಗಳೆಲ್ಲವೂ ಹೇಳದೆ ಬಿಟ್ಟ ಈ ಜಾಗದಲ್ಲಿಯೇ ಹುಟ್ಟಿದವು.

ಕರ್ನಾಟಕದಲ್ಲಿ ವಿವಾದ ತೀವ್ರಗೊಂಡದ್ದು ಸಂಸ್ಕೃತದ ನೆಪದಿಂದ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡವರು ಕನ್ನಡವನ್ನು ಓದದೆಯೇ ಉತ್ತೀರ್ಣರಾಗಬಹುದಾಗಿತ್ತು. ಹೆಚ್ಚು ಅಂಕಗಳ ಆಸೆಯಿಂದ ಅದನ್ನು ಆರಿಸಿಕೊಳ್ಳುವ ರೂಢಿ ನಗರದ ಅನುಕೂಲಸ್ಥ ಕುಟುಂಬಗಳಲ್ಲಿ ಬೆಳೆದಿತ್ತು. ಈ ಪ್ರಶ್ನೆಯನ್ನು ಪರಿಶೀಲಿಸಲು 1980ರ ಜುಲೈ 5ರಂದು ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1981ರ ಜನವರಿಯಲ್ಲಿ ಸಲ್ಲಿಕೆಯಾದ ವರದಿಯು ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿತು. ವರದಿಯ ಜಾರಿಗಾಗಿ ಸಾಹಿತಿಗಳು ಆರಂಭಿಸಿದ ಚಳವಳಿ 1982ರಲ್ಲಿ ಡಾ. ರಾಜ್‌ಕುಮಾರ್ ಅವರ ಪ್ರವೇಶದಿಂದ ಜನಸಾಮಾನ್ಯರದಾಯಿತು. ಆ ವರ್ಷದ ಜುಲೈ 20ರ ಸರ್ಕಾರಿ ಆದೇಶ ಕನ್ನಡವನ್ನು ಏಕೈಕ ಪ್ರಥಮ ಭಾಷೆಯನ್ನಾಗಿ ಮಾಡಿತು. ಈ ಚಳವಳಿಯ ಕಥೆ ಬೇಕಾದಷ್ಟು ಬರೆಯಲ್ಪಟ್ಟಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಕಡಿಮೆ ಬರೆಯಲ್ಪಟ್ಟಿರುವುದು ಎದುರು ಪಕ್ಷದ ಕಥೆ. ಕೆ.ಜಿ.ಎಫ್.ನ ತಮಿಳರು, ಗಡಿಭಾಗದ ಮರಾಠಿಗರು, ಉರ್ದು ಶಾಲೆಗಳ ಪೋಷಕರು ಈ ಆದೇಶವನ್ನು ಮನೆಯ ಮಾತಿನ ಮೇಲಿನ ಆಕ್ರಮಣವೆಂದು ಕಂಡರು. ಭಾಷಾ ಅಲ್ಪಸಂಖ್ಯಾತರ ಸಂರಕ್ಷಣಾ ಸಮಿತಿಯ ಹೆಸರಿನಲ್ಲಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ, 1989ರ ಜನವರಿಯಲ್ಲಿ ಪೂರ್ಣಪೀಠವು ಕನ್ನಡವನ್ನೇ ಏಕೈಕ ಪ್ರಥಮ ಭಾಷೆಯಾಗಿಸಿದ ಭಾಗವನ್ನು ರದ್ದುಗೊಳಿಸಿತು. ಗೋಕಾಕ್ ಚಳವಳಿಯನ್ನು ಕೆಳಸ್ತರದ ಕನ್ನಡಿಗರ ಆತ್ಮಗೌರವದ ಹೋರಾಟವೆಂದು ವಿವರಿಸುವುದು ಸರಿಯೇ. ಆದರೆ ಕೆ.ಜಿ.ಎಫ್.ನ ಗಣಿ ಕಾರ್ಮಿಕನ ಮನೆಯಿಂದ ನೋಡಿದಾಗ ಅದೇ ಆದೇಶ ಬೇರೆಯಾಗಿ ಕಾಣುತ್ತಿತ್ತು ಎಂಬುದನ್ನು ಕೋಲಾರದಲ್ಲಿ ನಿಂತು ಬರೆಯುವವರು ಹೇಳಲೇಬೇಕು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಕುಟುಂಬಗಳ ಮಕ್ಕಳು ಬೆಂಗಳೂರಿಗೆ ರೈಲಿನಲ್ಲಿ ದಿನವೂ ಕೆಲಸಕ್ಕೆ ಹೋಗಿಬರುವಂತಾಯಿತು. ಅವರಿಗೆ ಉಪಯೋಗಕ್ಕೆ ಬಂದ ಭಾಷೆ ಯಾವುದೆಂಬುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ.

1989ರ ಜೂನ್ 19ರಂದು ಸರ್ಕಾರ ಹೊಸ ಆದೇಶ ಹೊರಡಿಸಿತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಸಾಮಾನ್ಯವಾಗಿ ಮಾತೃಭಾಷೆಯೇ ಬೋಧನಾ ಮಾಧ್ಯಮ. ಕನ್ನಡೇತರ ಮಕ್ಕಳಿಗೆ ಮೂರನೆಯ ತರಗತಿಯಿಂದ ಕನ್ನಡ ಐಚ್ಛಿಕ, ಅದಕ್ಕೆ ಪರೀಕ್ಷೆಯಿಲ್ಲ. ಅಲ್ಪಸಂಖ್ಯಾತರ ದೃಷ್ಟಿಯಿಂದ ಇದು ಸಾಕಷ್ಟು ಮೆದುವಾದ ಆದೇಶ. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ಇಂಗ್ಲಿಷ್ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಂಘ. ಈ ಹೆಸರನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಅದುವರೆಗೆ ಪೋಷಕರು ತಮಿಳರಾಗಿ, ಮರಾಠಿಗರಾಗಿ, ಉರ್ದು ಭಾಷಿಕರಾಗಿ, ಅಂದರೆ ಒಂದು ಸಮುದಾಯದ ಪರವಾಗಿ ಮಾತಾಡುತ್ತಿದ್ದರು. ಈಗ ಪೋಷಕರಾಗಿಯೇ, ಯಾರ ಮನೆಮಾತೂ ಅಲ್ಲದ ಒಂದು ಮಾಧ್ಯಮದ ಪರವಾಗಿ ಬಂದರು. 1993ರ ಡಿಸೆಂಬರ್ 8ರಂದು ನ್ಯಾಯಾಲಯವು ಎಳೆಯ ಮಕ್ಕಳು ಮಾತೃಭಾಷೆಯಲ್ಲಿ ಕಲಿಯುವುದು ಸೂಕ್ತವೆಂದು ಅಭಿಪ್ರಾಯಪಟ್ಟು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು.

ಹೊರ ಜಗತ್ತಿನ ಎರಡು ಪ್ರಕರಣಗಳನ್ನು ಇಲ್ಲಿ ಹೋಲಿಕೆಗಾಗಿ ನೋಡಬಹುದು. ಮೊದಲ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಜರ್ಮನ್ ಮೂಲದವರ ಮೇಲೆ ಸಂಶಯ ಹೆಚ್ಚಿದ್ದಾಗ, 1919ರಲ್ಲಿ ನೆಬ್ರಾಸ್ಕ ರಾಜ್ಯವು ಎಂಟನೆಯ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಜೀವಂತ ಭಾಷೆಗಳನ್ನು ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಹುಡುಗನೊಬ್ಬನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದಿಸಿದ್ದಕ್ಕಾಗಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನಿಗೆ 25 ಡಾಲರ್ ದಂಡ ಬಿದ್ದಿತು. 1923ರ ಜೂನ್ 4ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಅಸಿಂಧುಗೊಳಿಸಿ, ಮಕ್ಕಳ ಶಿಕ್ಷಣವನ್ನು ನಿಯಂತ್ರಿಸುವ ಹಕ್ಕು ತಂದೆತಾಯಿಗಳಿಗೆ ಉಂಟೆಂದು ಹೇಳಿತು. ನಾಲ್ಕು ವರ್ಷಗಳ ತರುವಾಯ ಹವಾಯಿ ದ್ವೀಪದ ಜಪಾನೀ ಭಾಷಾಶಾಲೆಗಳೂ ಇದೇ ವಾದದಿಂದ ಗೆದ್ದವು. ಈ ಎರಡೂ ಪ್ರಕರಣಗಳಲ್ಲಿ ಪೋಷಕರ ಹಕ್ಕು ಎಂಬುದು ಮನೆಮಾತನ್ನು ಪ್ರಭುತ್ವದಿಂದ ಕಾಪಾಡಿಕೊಳ್ಳುವ ಗುರಾಣಿಯಾಗಿತ್ತು. ಕರ್ನಾಟಕದಲ್ಲಿ ಪ್ರಭುತ್ವವು ಮನೆಮಾತನ್ನು ಕಡ್ಡಾಯ ಮಾಡಿತು, ಪೋಷಕರು ಅದರಿಂದ ಬಿಡುಗಡೆ ಬೇಡಿದರು.

ಈ ತಿರುವು ಪೂರ್ಣಗೊಂಡದ್ದು ಮುಂದಿನ ಘಟ್ಟದಲ್ಲಿ. 1994ರ ಏಪ್ರಿಲ್ 29ರ ಆದೇಶವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ವಿಧಿಸಿತು. ಇಂಗ್ಲಿಷ್ ಮಾಧ್ಯಮಕ್ಕೆ ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ಮಾತ್ರ ಅರ್ಹರು. ಮುಂದಿನ ದಶಕದಲ್ಲಿ ಏನಾಯಿತೆಂಬುದನ್ನು ಆ ಕಾಲದವರೆಲ್ಲ ಬಲ್ಲರು. ಕನ್ನಡ ಮಾಧ್ಯಮದ ಅನುಮತಿ ಪಡೆದ ಖಾಸಗಿ ಶಾಲೆಗಳು ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದವು. ಫಲಕದಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. 2006ರಲ್ಲಿ ಸರ್ಕಾರ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ ಈ ಗುಟ್ಟು ಬಯಲಾಯಿತು. ಆದರೆ ಆ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳ ಪೋಷಕರು ಆ ಫಲಕವನ್ನು ನಂಬಿ ಮೋಸಹೋದವರಾಗಿರಲಿಲ್ಲ. ಅವರಿಗೆ ಬೇಕಾದದ್ದೇ ಅಲ್ಲಿ ದೊರೆಯುತ್ತಿತ್ತು.

ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಮೊಕದ್ದಮೆಯಲ್ಲಿ 2008ರ ಜುಲೈ 2ರಂದು ಉಚ್ಚ ನ್ಯಾಯಾಲಯದ ಪೂರ್ಣಪೀಠವು ಖಾಸಗಿ ಅನುದಾನರಹಿತ ಶಾಲೆಗಳಿಗೆ 1994ರ ಆದೇಶ ಅನ್ವಯಿಸದೆಂದಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ದೃಢಪಡಿಸಿತು. ಮಾತೃಭಾಷೆಯೆಂದರೆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆಯೆಂದೂ, ಮಗುವಿನ ಮಾತೃಭಾಷೆ ಯಾವುದೆಂಬುದನ್ನು ನಿರ್ಧರಿಸುವವರು ಪೋಷಕರೆಂದೂ ಪೀಠ ಹೇಳಿತು. 1956ರಲ್ಲಿ ಹೇಳದೆ ಬಿಟ್ಟ ಮಾತಿಗೆ 58 ವರ್ಷಗಳ ಬಳಿಕ ಉತ್ತರ ದೊರೆಯಿತು.

ಜಾನಪದ ವಿದ್ಯಾರ್ಥಿಯ ಕುತೂಹಲ ಕೆರಳುವುದು ಇಲ್ಲಿಯೇ. ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಮಾತು. ಅದು ನಡೆದುಹೋದ ಒಂದು ಸಂಗತಿ. ಯಾರೂ ಅದನ್ನು ಬದಲಾಯಿಸಲಾರರು. ನ್ಯಾಯಾಲಯದ ಮಾತಿನಂತೆ ಅದು ಪೋಷಕರ ನಿರ್ಧಾರ, ಅಂದರೆ ಮುಂದೆ ಆಗಬೇಕಾದುದರ ಬಗೆಗಿನ ಇಚ್ಛೆ. ಶಾಲೆಯ ದಾಖಲಾತಿ ಪುಸ್ತಕದ ಒಂದೇ ಅಂಕಣದಲ್ಲಿ ಈ ಎರಡೂ ಅರ್ಥಗಳು ಸೇರಿಕೊಂಡಿವೆ. ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗಾಡುವ ಕುಟುಂಬಗಳ ಮಕ್ಕಳ ಮುಂದೆ ‘ಕನ್ನಡ’ ಎಂದು ಬರೆದಿರುವುದನ್ನು ಧಾರಾಳವಾಗಿ ಕಾಣಬಹುದು. ಇದನ್ನು ಸುಳ್ಳೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಕೆಲವರು ಗಲಾಟೆ ಬೇಡವೆಂದು ಬರೆಯಿಸಿದರು, ಕೆಲವರ ಪರವಾಗಿ ಉಪಾಧ್ಯಾಯರೇ ಬರೆದರು. ಇನ್ನು ಕೆಲವರು, ನಾವು ಈ ನಾಡಿನವರಾದ್ದರಿಂದ ನಮ್ಮದು ಕನ್ನಡವೇ ಎಂದು ಮನಸಾರೆ ಹೇಳಿದರು. ತೆಲುಗು ಮಾಧ್ಯಮದ ಶಾಲೆ ಬೇಕೆಂದು ಈ ಹೋಬಳಿಯ ಪೋಷಕರು ಅರ್ಜಿ ಹಿಡಿದು ಹೊರಟದ್ದನ್ನು ನನ್ನ ಮಾಹಿತಿದಾರರಲ್ಲಿ ಒಬ್ಬರೂ ನೆನೆಯಲಿಲ್ಲ. ತೆಲುಗು ಮನೆಯಲ್ಲಿದ್ದರೆ ಸಾಕು, ಶಾಲೆಯಲ್ಲೇಕೆ ಎಂಬುದು ಸಾಮಾನ್ಯ ಧೋರಣೆ. 350ಎ ವಿಧಿ ಯಾರಿಗಾಗಿ ಬಂದಿತೋ ಅವರಲ್ಲಿ ಅನೇಕರು ಅದನ್ನು ಬಳಸಲೇ ಇಲ್ಲ.

ಗಡಿಯ ಇನ್ನೊಂದು ತುದಿಯಲ್ಲಿ ಚಿತ್ರ ಬೇರೆ. ಕಾಸರಗೋಡಿನ ಕನ್ನಡಿಗ ಪೋಷಕರಿಗೆ ಶಾಲೆಯ ಕನ್ನಡವೇ ಸಮುದಾಯದ ಉಳಿವಿನ ಪ್ರಶ್ನೆ. 2017ರಲ್ಲಿ ಕೇರಳ ಸರ್ಕಾರ ಎಲ್ಲ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಅಲ್ಲಿ ಪ್ರತಿಭಟನೆಗಳು ನಡೆದವು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ ಸಂದರ್ಭಗಳಲ್ಲಿ ತಂದೆತಾಯಿಗಳು ಮಕ್ಕಳೊಡನೆ ಶಾಲೆಯ ಎದುರು ಕುಳಿತರು. ಕಾಸರಗೋಡಿನ ಕನ್ನಡಕ್ಕೆ ನಾವು ಕೇಳುವ ನ್ಯಾಯವನ್ನು ಕೆ.ಜಿ.ಎಫ್.ನ ತಮಿಳಿಗೆ ಕೊಟ್ಟೆವೇ ಎಂದು ಕೇಳಿಕೊಳ್ಳುವುದು ಕೋಲಾರದವರಿಗೆ ಸುಲಭವಲ್ಲ. ಕೇಳಿಕೊಳ್ಳದಿರುವುದು ಇನ್ನೂ ಕಷ್ಟ.

ಈಗ ಜಾತಿಯ ಅಂಕಣಕ್ಕೆ ಬರೋಣ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡ 30ಕ್ಕೂ ಹೆಚ್ಚು. ದಲಿತ ಚಳವಳಿ ಆಳವಾಗಿ ಬೇರೂರಿದ ಜಿಲ್ಲೆಯಿದು. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟುಹಾಕಿದ ಕಂಬಾಲಪಲ್ಲಿ ಆಗ ಇದೇ ಜಿಲ್ಲೆಯಲ್ಲಿತ್ತು. ಇಲ್ಲಿನ ಶಾಲಾಭಾಷೆಯ ಪ್ರಶ್ನೆಯನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು. 2019–20ರಲ್ಲಿ ರಾಜ್ಯ ಸರ್ಕಾರವು 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದಾಗ ಕನ್ನಡ ಸಾಹಿತ್ಯ ಪರಿಷತ್ತು ಹಾಗೂ ಹಿರಿಯ ಸಾಹಿತಿಗಳು ವಿರೋಧಿಸಿದರು; ದಲಿತ ಚಿಂತಕರಲ್ಲಿ ಅನೇಕರು ಸ್ವಾಗತಿಸಿದರು. ಉಳ್ಳವರ ಮಕ್ಕಳು ದುಡ್ಡು ಕೊಟ್ಟು ಪಡೆಯುತ್ತಿರುವುದನ್ನು ಇಲ್ಲದವರ ಮಕ್ಕಳಿಗೆ ನಿರಾಕರಿಸುವುದು ಯಾವ ನ್ಯಾಯ ಎಂಬುದು ಅವರ ವಾದದ ತಿರುಳು. ಮಾತೃಭಾಷಾ ಶಿಕ್ಷಣದ ಪರವಾದ ವಾದದಲ್ಲಿ ನನಗೆ ನಂಬಿಕೆಯಿದೆ. ಆದರೂ ನರಸಾಪುರದ ದಲಿತ ಕೇರಿಯಲ್ಲಿ ಕುಳಿತು ಆ ವಾದವನ್ನು ಮಂಡಿಸುವಾಗ ನನ್ನ ದನಿ ತಗ್ಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲಿನ ತಾಯಂದಿರಿಗೆ ಇಂಗ್ಲಿಷ್ ವಿದೇಶೀ ಭಾಷೆಯಾಗಿ ಕಾಣುವುದಿಲ್ಲ, ಜಾತಿಯನ್ನು ಬೆನ್ನಿಗೆ ಕಟ್ಟಿಕೊಳ್ಳದ ಭಾಷೆಯಾಗಿ ಕಾಣುತ್ತದೆ.

ಇಲ್ಲಿನ ಪೋಷಕರು ಅರ್ಜಿ, ಮೊಕದ್ದಮೆಗಳ ದಾರಿ ಹಿಡಿಯಲಿಲ್ಲವೆಂದು ಆರಂಭದಲ್ಲಿ ಹೇಳಿದೆ. ಅವರು ಬಳಸಿದ ಸಾಧನ ವರ್ಗಾವಣೆ ಪತ್ರ, ಆಡುಮಾತಿನ ಟೀಸಿ. ಒಪ್ಪಿಗೆಯಾಗದಿದ್ದರೆ ಟೀಸಿ ಪಡೆದು ಮಗುವನ್ನು ಹಳದಿ ವ್ಯಾನಿಗೆ ಹತ್ತಿಸುವುದು. ಇದರಲ್ಲಿ ಘೋಷಣೆಯಿಲ್ಲ, ಮುಖಂಡರಿಲ್ಲ. ಆದರೆ ಸರ್ಕಾರದ ಭಾಷಾನೀತಿಯನ್ನು ನೆಲದ ಮೇಲೆ ಸೋಲಿಸಿದ್ದು ಮೊಕದ್ದಮೆಗಳಿಗಿಂತ ಹೆಚ್ಚಾಗಿ ಇದೇ. ಈ ಸಾಧನಕ್ಕೆ ಕರಾಳ ಮುಖವೂ ಇದೆ. 2015ರಲ್ಲಿ ಪತ್ರಿಕೆಗಳು ವರದಿ ಮಾಡಿದಂತೆ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಮಹಿಳೆಯೊಬ್ಬರು ಬಿಸಿಯೂಟದ ಮುಖ್ಯ ಅಡುಗೆಯವರಾದ ಮೇಲೆ 118 ಮಕ್ಕಳಲ್ಲಿ ಸುಮಾರು 100 ಮಂದಿ ಶಾಲೆ ಬಿಟ್ಟರು. ಅಲ್ಲಿಯೂ ಪೋಷಕರು ಮಾಡಿದ್ದು ಮಕ್ಕಳನ್ನು ಹಿಂತೆಗೆದುಕೊಂಡದ್ದು. ಪೋಷಕರ ನಿರ್ಧಾರಕ್ಕೆ ನ್ಯಾಯಾಲಯ ಕೊಟ್ಟ ಗೌರವವನ್ನು ಓದುವಾಗಲೆಲ್ಲ ನನಗೆ ಈ ಶಾಲೆಯ ನೆನಪಾಗುತ್ತದೆ. ಪಠ್ಯಪುಸ್ತಕದಲ್ಲಿ ಸಮಾನತೆಯ ಪಾಠವಿದ್ದ ಶಾಲೆಯಲ್ಲಿ ಮಕ್ಕಳು ಕಲಿತ ಪಾಠ ಮಧ್ಯಾಹ್ನದ ತಟ್ಟೆಯದು.

ಪಠ್ಯಪುಸ್ತಕದ ಒಳಗಿನ ವಿಷಯದ ಬಗ್ಗೆ ಪೋಷಕರು ಏಕೆ ಮಾತಾಡಲಿಲ್ಲ? ಅವರಿಗೆ ಆ ಅಧಿಕಾರವೇ ಇಲ್ಲವೆಂಬುದು ಇದಕ್ಕೆ ಉತ್ತರ. 2001ರ ಆದೇಶದಂತೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗಳಲ್ಲಿ ನಾಲ್ಕನೆಯ ಮೂರು ಭಾಗದಷ್ಟಾದರೂ ಪೋಷಕರಿರಬೇಕೆಂದಿತು. ಆದರೆ ಸಮಿತಿಯ ಕೆಲಸ ಶಾಲೆಯ ಮೇಲುಸ್ತುವಾರಿ, ಅಭಿವೃದ್ಧಿ ಯೋಜನೆ, ಅನುದಾನದ ವಿನಿಯೋಗ. ಕಾಂಪೌಂಡು, ಶೌಚಾಲಯ, ಬಿಸಿಯೂಟಗಳ ಬಗ್ಗೆ ತಾಯಿಯೊಬ್ಬಳು ಅಲ್ಲಿ ಮಾತಾಡಬಹುದು. ಮಗು ಓದುವ ಪಾಠದಲ್ಲಿ ತನ್ನ ಸಮುದಾಯ ಹೇಗೆ ಬಂದಿದೆ, ಅಥವಾ ಬಂದೇ ಇಲ್ಲ, ಎಂಬುದರ ಬಗ್ಗೆ ಮಾತಾಡುವ ಸ್ಥಳ ಅದಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥರ ನೇತೃತ್ವದ ಸಮಿತಿಯ ಪರಿಷ್ಕರಣೆಯಿಂದ ಎದ್ದ ದೊಡ್ಡ ವಿವಾದದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಬಸವಣ್ಣನವರ ಪಾಠದ ಬಗ್ಗೆ ಮಠಾಧೀಶರು ಆಕ್ಷೇಪಿಸಿದರು. ದೇವನೂರ ಮಹಾದೇವ ಅವರು ತಮ್ಮ ಲೇಖನವನ್ನು ಪಠ್ಯದಲ್ಲಿ ಬಳಸಲು ನೀಡಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಅಂಬೇಡ್ಕರ್ ಅವರನ್ನು ಸಂವಿಧಾನ ಶಿಲ್ಪಿಯೆಂದು ಕರೆದ ಮಾತು ಬಿಟ್ಟುಹೋದುದು ದಲಿತ ಸಂಘಟನೆಗಳನ್ನು ಕೆರಳಿಸಿತು. ಸರ್ಕಾರ ಅದನ್ನು ಮರಳಿ ಸೇರಿಸಬೇಕಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಪಠ್ಯವನ್ನು ಮತ್ತೆ ಪರಿಷ್ಕರಿಸಿತು. ಸಾಹಿತಿ, ಮಠ, ಪಕ್ಷ, ಸಂಘಟನೆ ಎಲ್ಲವೂ ಮಾತಾಡಿದ ಈ ವಿವಾದದಲ್ಲಿ ಸರ್ಕಾರಿ ಶಾಲೆಯ ಪೋಷಕರ ದನಿಯನ್ನು ಹುಡುಕಬೇಕಾಗುತ್ತದೆ. ಆ ಪುಸ್ತಕಗಳನ್ನು ನಿಜವಾಗಿ ಓದುವುದು ಅವರ ಮಕ್ಕಳು.

ಮನೆಯ ಲೋಕವನ್ನು ಶಾಲೆಗೆ ತರುವ ಪ್ರಯತ್ನ ಈ ಸೀಮೆಯ ನೆರೆಯಲ್ಲಿಯೇ ನಡೆದಿತ್ತೆಂಬುದನ್ನು ಕೊನೆಯಲ್ಲಿ ಹೇಳಬೇಕು. ಶ್ರೀನಿವಾಸಪುರದ ಗಡಿಯಾಚೆ, ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳ ಕಥೆ, ಹಾಡು, ಗೊಂಬೆಯಾಟಗಳನ್ನು ಬಳಸಿ ತೆಲುಗಿನಲ್ಲಿ ಕಲಿಕಾ ಕಾರ್ಡುಗಳನ್ನು ರೂಪಿಸಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅಲ್ಲಿಗೆ ಹೋಗಿ ಬಂದು ತಮ್ಮ ಶಾಲೆಗಳಲ್ಲಿ ಆರಂಭಿಸಿದ್ದೇ ‘ನಲಿ–ಕಲಿ’. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು. ಹೀಗೆ ಕೋಲಾರದ ಹಾಡುಗಾರ್ತಿಯರ ಲೋಕಕ್ಕೆ ಅತ್ಯಂತ ಹತ್ತಿರವಾಗಿದ್ದ ಒಂದು ವಿಧಾನವು ಮೈಸೂರು ಜಿಲ್ಲೆಯ ಕಾಡಂಚನ್ನು ಸುತ್ತಿ, ರಾಜ್ಯಕ್ಕೆಲ್ಲ ಒಂದೇ ರೂಪದ ಕನ್ನಡ ಕಾರ್ಡುಗಳಾಗಿ ನರಸಾಪುರಕ್ಕೆ ಬಂದಿತು. ನಲಿ–ಕಲಿಯ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ಸ್ಥಳೀಯವೆಂಬುದೇ ಅದರ ಪ್ರಾಣವಾಗಿದ್ದು, ಗಡಿ ದಾಟುವಾಗ ಅದೇ ಉದುರಿಹೋಯಿತು ಎಂಬುದಷ್ಟೇ ನನ್ನ ಆಕ್ಷೇಪ. ಕೋಲಾರದ ಮಕ್ಕಳಿಗಾಗಿ ಎರಡು ಭಾಷೆಯ ತೊಟ್ಟಿಲ ಹಾಡು, ಒಗಟುಗಳನ್ನು ಒಳಗೊಂಡ ಕಾರ್ಡುಗಳನ್ನು ಮಾಡಲು ಯಾವ ಸರ್ಕಾರಿ ಆದೇಶವೂ ಅಡ್ಡಿಯಾಗಿರಲಿಲ್ಲ.

ಈ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಬೇಕಾದ ಆಕರಗಳ ಬಗ್ಗೆ ಒಂದು ಮಾತು. ತೀರ್ಪುಗಳು ಮುದ್ರಿತವಾಗಿವೆ, ಆದೇಶಗಳು ಕಡತಗಳಲ್ಲಿವೆ. ದಾಖಲಾತಿ ಪುಸ್ತಕಗಳು ಮಾತ್ರ ಶಾಲೆಗಳ ಕಬ್ಬಿಣದ ಬೀರುಗಳಲ್ಲಿವೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ಅಥವಾ ನೆರೆಯ ಶಾಲೆಯೊಡನೆ ಸೇರಿದಾಗ ಹಳೆಯ ಪುಸ್ತಕಗಳನ್ನು ಇನ್ನೊಂದು ಬೀರುವಿಗೆ ಸಾಗಿಸುತ್ತಾರೆ. ಗೆದ್ದಲು, ಮಳೆನೀರುಗಳ ಪಾಲಾಗುವುದೂ ಉಂಟು. ನರಸಾಪುರದ ಸುತ್ತಿನ ಶಾಲೆಗಳಿಗೆ ಈಗ ಕಾರ್ಖಾನೆಗಳ ಕೆಲಸಕ್ಕೆ ಉತ್ತರದ ರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳೂ ಸೇರುತ್ತಿದ್ದಾರೆ. ಅವರ ಮಾತೃಭಾಷೆಯ ಅಂಕಣದಲ್ಲಿ ಬಹುತೇಕ ‘ಹಿಂದಿ’ ಎಂದಿದೆ. ಒಬ್ಬ ತಾಯಿಯನ್ನು ವಿಚಾರಿಸಿದಾಗ ಮನೆಯಲ್ಲಿ ಆಡುವುದು ಭೋಜಪುರಿಯೆಂದು ತಿಳಿಯಿತು. ಹಾಗೆಂದು ಬರೆಯಿಸಬಹುದೆಂಬುದು ಆಕೆಗೆ ತಿಳಿದಿರಲಿಲ್ಲ, ಬರೆದುಕೊಂಡ ಉಪಾಧ್ಯಾಯರಿಗೆ ಆ ಭಾಷೆಯ ಹೆಸರು ಹೊಸದು. ಆ ಮಗು ಆಗಲೇ ಅಂಗಳದಲ್ಲಿ ತೆಲುಗಿನಲ್ಲಿ ಲೆಕ್ಕ ಹೇಳುತ್ತ ಕುಂಟೆಬಿಲ್ಲೆ ಆಡುತ್ತಿತ್ತು.